ಹಿತ್ತಿಲ ಗಲ್ಲಿಯಿಂದ ಜಲಜನಕದವರೆಗೆ

ಊರಿನ ಚರಿತ್ರೆ ಅಂದ್ರೆ ನಮಗೆ ಕೆಂಪೇಗೌಡರ ಗೋಪುರ, ಟಿಪ್ಪು ಅರಮನೆ, ಬ್ಯೂಗಲ್ ರಾಕ್. ಊರನ್ನು ಯಾರು ಗುಡಿಸಿದರು, ಯಾವುದರಿಂದ ಗುಡಿಸಿದರು ಅನ್ನೋದು ಚರಿತ್ರೆಯ ಪುಸ್ತಕದಲ್ಲಿ ಅಡಿಟಿಪ್ಪಣಿಗೂ ಬರಲ್ಲ. ಆದರೆ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಈ ಚರಿತ್ರೆ ನೆಲದ ಮೇಲೇ ಬರೆದಿಟ್ಟ ಹಾಗಿದೆ. ಮೇನ್ ರೋಡು, ಕ್ರಾಸು ಬಿಟ್ಟು ಮನೆಗಳ ಹಿಂಭಾಗಕ್ಕೆ ಹೋಗಿ ನೋಡಿದರೆ ಸಾಕು.

ಈ ಪೋಸ್ಟ್ ಶುರುವಾಗಿದ್ದು ಒಂದು ತಾಂತ್ರಿಕ ಪ್ರಶ್ನೆಯಿಂದ. ನೆಲ ಒರೆಸೋ, ರಸ್ತೆ ಗುಡಿಸೋ ಯಂತ್ರಗಳಿಂದ ಬ್ಯಾಟರಿ ಕಿತ್ತು ಆ ಜಾಗದಲ್ಲಿ ಜಲಜನಕದ ಇಂಧನಕೋಶ (ಫ್ಯೂಯೆಲ್ ಸೆಲ್) ಇಟ್ಟರೆ ಹೇಗೆ? ನಾನು ಓದಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್, ಹೊಟ್ಟೆಪಾಡಿಗೆ ಬರೆಯೋದು ಕೋಡು :) ಹಾಗಾಗಿ ಇಂಥ ಪ್ರಶ್ನೆ ಸಿಕ್ಕಿದರೆ ಹಳೇ ಚಟ ಎದ್ದು ಕೂರುತ್ತೆ. ಲೆಕ್ಕ ಹಾಕುತ್ತಾ ಹೋದ ಹಾಗೆ ಪ್ರಶ್ನೆ ಬರೀ ವೋಲ್ಟು, ಆಂಪಿಯರ್‌ಗಳದ್ದಲ್ಲ ಅನ್ನಿಸಿತು. ಮೊದಲು ಆ ಹಿತ್ತಿಲ ಗಲ್ಲಿಯಿಂದಲೇ ಶುರು ಮಾಡೋಣ.

ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ, ಹತ್ತನೇ ಚಾಮರಾಜೇಂದ್ರ ಒಡೆಯರ್ ಹೆಸರಿನಲ್ಲಿ. ಬಸವನಗುಡಿ, ಮಲ್ಲೇಶ್ವರಗಳು ಅದೇ ದಶಕದ ಕೂಸುಗಳು. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟು ಗಲ್ಲಿಗಳಲ್ಲಿ ಜನ ಸಾವಿರಗಟ್ಟಲೆ ಸತ್ತರು. ಇಲಿ, ಚಿಗಟ, ಕತ್ತಲೆ, ಗಾಳಿಯಿಲ್ಲದ ಮನೆ. ಇದರಿಂದ ಓಡಿ ಬಂದವರಿಗೆ ಹೊಸ ಬಡಾವಣೆಗಳು ಬೇಕಾದವು, ಬಸವನಗುಡಿ ಮಲ್ಲೇಶ್ವರಗಳು ಬೇಗ ಬೇಗ ತುಂಬಿದವು. ಅಗಲ ರಸ್ತೆ, ನೇರ ಕ್ರಾಸುಗಳು, ಮನೆ ಸುತ್ತ ಜಾಗ, ಗಾಳಿ, ಬೆಳಕು. ಇವತ್ತು ನಾವು "ಹಳೇ ಬೆಂಗಳೂರಿನ ಸೊಗಸು" ಅಂತ ಫೋಟೋ ಹಾಕಿ ಹೊಗಳೋದೆಲ್ಲ ಅಸಲಿಗೆ ಸಾರ್ವಜನಿಕ ಆರೋಗ್ಯದ ನಕ್ಷೆ.

ಆ ನಕ್ಷೆಯಲ್ಲಿ ಇನ್ನೊಂದು ಗೆರೆ ಇತ್ತು. ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ಸಾಲು ಮನೆಗಳ ನಡುವೆ ಒಂದು ಸಣ್ಣ ಓಣಿ. ಅದಕ್ಕೆ ಕನ್ಸರ್ವೆನ್ಸಿ ಲೇನ್ ಅಂತ ಹೆಸರು. ಒಳಚರಂಡಿ ಬರೋದಕ್ಕೆ ಮುಂಚೆ ಪಾಯಿಖಾನೆಗಳೆಲ್ಲ ಹಿತ್ತಿಲ ತುದಿಯಲ್ಲಿ. ಬೆಳಗಿನ ಜಾವ ಮಲ ಎತ್ತುವವರು ಈ ಓಣಿಯಿಂದ ಬಂದು, ಹಿಂದಿನ ಕಿಂಡಿಯಿಂದ ತೆಗೆದುಕೊಂಡು, ಅದೇ ಓಣಿಯಿಂದ ಹೋಗಬೇಕು. ಮುಂಬಾಗಿಲ ರಂಗೋಲಿ ದಾಟೋ ಹಾಗಿಲ್ಲ, ಮನೆಯವರ ಕಣ್ಣಿಗೆ ಬೀಳೋ ಹಾಗಿಲ್ಲ. ಇಂಜಿನಿಯರಿಂಗ್ ದೃಷ್ಟಿಯಿಂದ ಚೊಕ್ಕ ವಿನ್ಯಾಸ. ಆದರೆ ಆ ವಿನ್ಯಾಸದ ಇಂಧನ ಯಾವುದು ಅಂತ ಕೇಳಿದರೆ ಉತ್ತರ ಒಂದೇ: ಒಂದು ಜಾತಿಯವರ ತಲೆ, ಕೈ, ಬೆನ್ನು.

ಬೆಂಗಳೂರಿಗೆ ಕರೆಂಟು ಬಂದಿದ್ದೂ ಆ ಕಾಲದಲ್ಲೇ. ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದರು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂತು. ಒಂದು ವಿಚಿತ್ರ ನೋಡಿ. ಕರೆಂಟು ಗಣಿಗೆ ಹೋಯಿತು, ದೀಪಕ್ಕೆ ಹೋಯಿತು, ಆಮೇಲೆ ಗಿರಣಿಗೆ, ಪಂಪಿಗೆ, ಮಿಕ್ಸಿಗೆ ಹೋಯಿತು. ಗುಡಿಸುವವರ ಕೈಗೆ ಮಾತ್ರ ಬರಲಿಲ್ಲ. ಲಂಡನ್ನಿನಲ್ಲಿ ಹ್ಯೂಬರ್ಟ್ ಸೆಸಿಲ್ ಬೂತ್ 1901ರಲ್ಲೇ ಧೂಳು ಹೀರುವ ಯಂತ್ರ ಮಾಡಿದ್ದ. ನಮ್ಮಲ್ಲಿ ನೂರು ವರ್ಷ ಆದ ಮೇಲೂ ಬೆಳಗ್ಗೆ ಆರಕ್ಕೆ ಗಾಂಧಿ ಬಜಾರಿನಲ್ಲಿ ಕೇಳಿಸುತ್ತಿದ್ದ ಸದ್ದು ಉದ್ದ ಹಿಡಿಯ ಕಡ್ಡಿ ಪೊರಕೆಯದ್ದೇ. ಮನುಷ್ಯನ ದುಡಿಮೆ ಅಷ್ಟು ಅಗ್ಗವಾಗಿ ಸಿಗುತ್ತಿರುವಾಗ ಮೋಟಾರಿಗೆ ದುಡ್ಡು ಯಾರು ಹಾಕ್ತಾರೆ?

ಬದಲಾವಣೆ ಮೊದಲು ಬಂದಿದ್ದು ಯಂತ್ರದಿಂದ ಅಲ್ಲ, ಆದೇಶದಿಂದ. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಐ.ಪಿ.ಡಿ. ಸಾಲಪ್ಪ ಸಮಿತಿ ಪೌರಕಾರ್ಮಿಕರ ಕೆಲಸ, ಬದುಕಿನ ಬಗ್ಗೆ 1976ರಲ್ಲಿ ವರದಿ ಕೊಟ್ಟಿತು. ದೇಶದ ಮಟ್ಟದಲ್ಲಿ ಮಲ ಹೊರುವುದರ ವಿರುದ್ಧ ಕಾನೂನು ಬಂದಿದ್ದು 1993ರಲ್ಲಿ, ಅದನ್ನು ಬಿಗಿ ಮಾಡಿದ್ದು 2013ರಲ್ಲಿ. ಅಂದರೆ ಈ ವಿಷಯದಲ್ಲಿ ಕರ್ನಾಟಕ ಇಪ್ಪತ್ತು ವರ್ಷ ಮುಂದಿತ್ತು. ಒಳಚರಂಡಿ ಬಂದ ಮೇಲೆ ಕನ್ಸರ್ವೆನ್ಸಿ ಲೇನ್‌ಗಳು ಅನಾಥವಾದವು. ಕೆಲವನ್ನು ಮನೆಯವರು ಒಳಗೆ ಹಾಕಿಕೊಂಡರು, ಕೆಲವು ಕಸದ ಗುಂಡಿಯಾದವು, ಮಲ್ಲೇಶ್ವರದಲ್ಲಿ ಕೆಲವಕ್ಕೆ ಈಚೆಗೆ ಬಣ್ಣ ಬಳಿದು ಓಡಾಡೋ ದಾರಿ ಮಾಡಿದ್ದಾರೆ.

ಈಗ ಯಂತ್ರದ ಕಥೆಗೆ ಬರೋಣ. ಮಾಲು, ಆಸ್ಪತ್ರೆ, ಏರ್‌ಪೋರ್ಟು, ಟೆಕ್ ಪಾರ್ಕುಗಳು ಎದ್ದ ಮೇಲೆ ಬೆಂಗಳೂರಿನಲ್ಲಿ ನೆಲ ಒರೆಸೋ ಸ್ಕ್ರಬ್ಬರ್ ಮೆಷಿನ್ನು ಮಾಮೂಲಾಯಿತು. ಮುಂದೆ ತಿರುಗೋ ಬ್ರಷ್ಷು, ಹಿಂದೆ ಕೊಳೆ ನೀರು ಹೀರೋ ರಬ್ಬರ್ ಪಟ್ಟಿ, ಮಧ್ಯೆ ನೀರಿನ ಟ್ಯಾಂಕು, ಅದರ ಅಡಿಗೆ ಬ್ಯಾಟರಿ. ಸಾಮಾನ್ಯವಾಗಿ ಆರು ವೋಲ್ಟಿನ ನಾಲ್ಕು ಸೀಸ-ಆಮ್ಲ ಬ್ಯಾಟರಿ ಸಾಲಾಗಿ ಜೋಡಿಸಿ 24 ವೋಲ್ಟ್ ಮಾಡಿರ್ತಾರೆ. ಫ್ರಾನ್ಸಿನ ಗ್ಯಾಸ್ತೋನ್ ಪ್ಲಾಂತೆ ಈ ಜಾತಿಯ ಬ್ಯಾಟರಿ ಮಾಡಿದ್ದು 1859ರಲ್ಲಿ. ನೂರಾ ಅರವತ್ತು ವರ್ಷ ಆದರೂ ಮೂಲ ರಸಾಯನ ಅದೇ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಆಫೀಸಿನಲ್ಲಿ ರಿಲೀಸ್ ಇದ್ದ ರಾತ್ರಿಗಳಲ್ಲಿ ಎರಡು ಗಂಟೆ ಹೊತ್ತಿಗೆ ಈ ಮೆಷಿನ್ನು ನಮ್ಮ ಫ್ಲೋರಿಗೆ ಬರುತ್ತಿತ್ತು. ಬಹಳ ಸಲ ಅರ್ಧ ಕಾರಿಡಾರಿನಲ್ಲಿ ನಿಂತು ಹೋಗೋದು. ಹೌಸ್‌ಕೀಪಿಂಗ್ ಅಕ್ಕ ಅದನ್ನು ಮೂಲೆಗೆ ನೂಕಿ, ಮಾಪ್ ತಂದು ಉಳಿದದ್ದನ್ನು ಕೈಯಲ್ಲೇ ಒರೆಸೋರು. ಒಂದು ಸಲ ಕೇಳಿದ್ದಕ್ಕೆ ಹೇಳಿದರು, "ಏನ್ ಮಾಡೋದು ಸಾರ್, ಮೂರು ಗಂಟೆ ಓಡ್ತದೆ, ಹತ್ತು ಗಂಟೆ ಮಲಗ್ತದೆ. ನಮ್ಮನ್ನ ಯಾರು ಹತ್ತು ಗಂಟೆ ಮಲಗಕ್ಕೆ ಬಿಡ್ತಾರೆ?" ಸೀಸ-ಆಮ್ಲ ಬ್ಯಾಟರಿಯ ಮಿತಿಯನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಪಠ್ಯಪುಸ್ತಕ ನಾನು ಓದಿಲ್ಲ.

ಅಕ್ಕ ಹೇಳಿದ್ದನ್ನೇ ಲೆಕ್ಕದಲ್ಲಿ ಹೇಳೋಣ. 24 ವೋಲ್ಟ್, 240 ಆಂಪಿಯರ್-ಅವರ್ ಬ್ಯಾಟರಿ ಅಂದರೆ ಹತ್ತಿರ ಹತ್ತಿರ 5.8 ಯೂನಿಟ್ ಕರೆಂಟು. ಪೂರ್ತಿ ಖಾಲಿ ಮಾಡಿದರೆ ಬ್ಯಾಟರಿ ಬೇಗ ಸಾಯುತ್ತೆ, ಆದ್ದರಿಂದ ಶೇ. 80 ಬಳಸಿದರೆ 4.6 ಯೂನಿಟ್. ಇಷ್ಟಕ್ಕೆ 150 ಕೆಜಿ ಸೀಸದ ಭಾರ ಹೊರಬೇಕು. ಚಾರ್ಜ್ ಆಗೋಕೆ ಇಡೀ ಒಂದು ಶಿಫ್ಟ್ ಬೇಕು. ವಾರ ವಾರ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಮರೆತರೆ ಪ್ಲೇಟು ಒಣಗಿ ಹಾಳಾಗುತ್ತೆ. ಆಸಿಡ್ ಕೈಗೆ ತಾಗುತ್ತೆ. ಇನ್ನೊಂದು ತಮಾಷೆ ಅಂದರೆ, ಚಾರ್ಜಿನ ಕೊನೆ ಹಂತದಲ್ಲಿ ಬ್ಯಾಟರಿಯೊಳಗಿನ ನೀರು ಒಡೆದು ಜಲಜನಕ ಹೊರಗೆ ಬರುತ್ತೆ. ಗಾಳಿಯಲ್ಲಿ ಶೇ. 4 ಸೇರಿದರೂ ಕಿಡಿ ತಾಗಿದರೆ ಹೊತ್ತಿಕೊಳ್ಳೋ ಅನಿಲ. ಚಾರ್ಜಿಂಗ್ ರೂಮಿಗೆ ಕಿಟಕಿ, ಫ್ಯಾನು ಇರಲೇಬೇಕು ಅನ್ನೋದು ಇದಕ್ಕೇ. "ಅಯ್ಯೋ ಜಲಜನಕ ಅಪಾಯ" ಅನ್ನುವವರ ಮೆಷಿನ್ ರೂಮಿನಲ್ಲಿ ಅದು ಆಗಲೇ ಬಾಡಿಗೆಗೆ ಇದೆ!

ಹಾಗಾದರೆ ಆ ಅನಿಲವನ್ನೇ ಇಂಧನ ಮಾಡಿಕೊಂಡರೆ? ಈ ಯೋಚನೆ ಬ್ಯಾಟರಿಗಿಂತ ಹಳೇದು. 1839ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಪ್ರೊಫೆಸರ್ ಶೋನ್‌ಬೈನ್, ಅದೇ ಸಮಯಕ್ಕೆ ಬ್ರಿಟನ್ನಿನ ವಿಲಿಯಂ ಗ್ರೋವ್ (ಈತ ವೃತ್ತಿಯಲ್ಲಿ ವಕೀಲ, ಮುಂದೆ ಜಡ್ಜ್ ಆದ) ಇಬ್ಬರೂ ಒಂದೇ ವಿಷಯ ಗಮನಿಸಿದರು. ಕರೆಂಟು ಹರಿಸಿದರೆ ನೀರು ಜಲಜನಕ, ಆಮ್ಲಜನಕವಾಗಿ ಒಡೆಯುತ್ತೆ. ಅವೆರಡನ್ನು ಪ್ಲಾಟಿನಂ ಪಟ್ಟಿಗಳ ಮೇಲೆ ಮತ್ತೆ ಸೇರಿಸಿದರೆ ಕರೆಂಟು ವಾಪಸ್ ಬರುತ್ತೆ, ಉಳಿಯೋದು ನೀರು ಮಾತ್ರ. ಬೆಂಕಿ ಇಲ್ಲ, ಹೊಗೆ ಇಲ್ಲ. 1889ರಲ್ಲಿ ಮೋಂಡ್, ಲ್ಯಾಂಗರ್ ಅನ್ನೋರು ಇದನ್ನು ಸುಧಾರಿಸಲು ನೋಡಿದರು. ಆಮೇಲೆ ಬಹಳ ಕಾಲ ಪ್ರಯೋಗಾಲಯದ ಆಟಿಕೆಯಾಗೇ ಉಳಿಯಿತು.

ಅದನ್ನು ಹೊರಗೆ ತಂದವನು ಇಂಗ್ಲಿಷ್ ಇಂಜಿನಿಯರ್ ಫ್ರಾನ್ಸಿಸ್ ಬೇಕನ್. 1932ರಿಂದ ಹಟ ಹಿಡಿದು ಕೂತು, 1959ರಲ್ಲಿ ಕೇಂಬ್ರಿಡ್ಜಿನಲ್ಲಿ 5 ಕಿಲೋವ್ಯಾಟಿನ ಇಂಧನಕೋಶ ತೋರಿಸಿದ. ಅದರಿಂದ ಓಡಿಸಿದ್ದು ಏನು ಗೊತ್ತಾ? ಒಂದು ವೆಲ್ಡಿಂಗ್ ಮೆಷಿನ್, ಒಂದು ಗರಗಸ, ಒಂದು ಫೋರ್ಕ್‌ಲಿಫ್ಟ್. ಚಂದ್ರಯಾನ ಮಾಡಿದ ಅಪೋಲೋ ನೌಕೆಗೆ ಕರೆಂಟು ಕೊಟ್ಟಿದ್ದು ಇದೇ ವಂಶದ ಕೋಶ ಅನ್ನೋದು ಎಲ್ಲರೂ ಹೇಳೋ ಕಥೆ. ಅದು ಮೊದಲು ಗೋಡೌನಿನ ಸಾಮಾನು ಎತ್ತಿತ್ತು ಅನ್ನೋದನ್ನು ಯಾರೂ ಹೇಳಲ್ಲ. ಅದೇ ವರ್ಷ ಅಮೆರಿಕದ ಆಲಿಸ್-ಚಾಮರ್ಸ್ ಕಂಪನಿ 1008 ಕೋಶ ಜೋಡಿಸಿ ಒಂದು ಟ್ರ್ಯಾಕ್ಟರ್ ಓಡಿಸಿತು.

ಈ ಫೋರ್ಕ್‌ಲಿಫ್ಟ್ ವಿಷಯ ಮುಖ್ಯ. ಯಾಕಂದರೆ ಬ್ಯಾಟರಿ ತೆಗೆದು ಜಲಜನಕ ಇಟ್ಟು ವ್ಯಾಪಾರವಾಗಿ ಗೆದ್ದ ದೊಡ್ಡ ಉದಾಹರಣೆ ಅದೇ. ಸ್ಕ್ರಬ್ಬರಿಗೆ ಅದು ದೊಡ್ಡಪ್ಪನ ಮಗ ಇದ್ದ ಹಾಗೆ. ಅದೇ ಸೀಸ-ಆಮ್ಲ ಬ್ಯಾಟರಿ, ಅದೇ ಒಳಾಂಗಣ, ಅದೇ ಶಿಫ್ಟ್ ಕೆಲಸ. ಅಮೆರಿಕದಲ್ಲಿ ಪ್ಲಗ್ ಪವರ್ ಅನ್ನೋ ಕಂಪನಿ ಬ್ಯಾಟರಿ ಡಬ್ಬದ ಅಳತೆಗೇ ಸರಿಯಾಗಿ ಇಂಧನಕೋಶದ ಡಬ್ಬ ಮಾಡಿತು. ಬ್ಯಾಟರಿ ಎತ್ತು, ಇದನ್ನು ಕೂರಿಸು, ಅಷ್ಟೇ. 2009ರ ಆರ್ಥಿಕ ಉತ್ತೇಜನ ಕಾಯ್ದೆಯಡಿ ಅಲ್ಲಿನ ಸರ್ಕಾರ ದುಡ್ಡು ಕೊಟ್ಟಿತು. ವಾಲ್‌ಮಾರ್ಟಿನಂಥವರ ಗೋಡೌನುಗಳಲ್ಲಿ ಇಂಥವು ಹತ್ತಾರು ಸಾವಿರ ಓಡಿವೆ. ಎಂಟು ಗಂಟೆ ಚಾರ್ಜು ಹೋಗಿ ಎರಡು ಮೂರು ನಿಮಿಷದಲ್ಲಿ ಅನಿಲ ತುಂಬಿಸಿಕೊಳ್ಳೋದು ಬಂತು. ಆದರೆ ಒಂದು ಷರತ್ತು. ಒಂದೇ ಸೂರಿನಡಿ ನೂರಾರು ಗಾಡಿ, ದಿನಕ್ಕೆ ಎರಡು ಮೂರು ಶಿಫ್ಟ್ ಇರಬೇಕು. ಆಗ ಮಾತ್ರ ಜಲಜನಕದ ಬಂಕ್ ಹಾಕೋದು ಗಿಟ್ಟುತ್ತೆ.

ರಸ್ತೆ ಗುಡಿಸೋ ಯಂತ್ರಕ್ಕೂ ಇದನ್ನು ಹಾಕಿ ನೋಡಿದ್ದಾರೆ. ಎಲ್ಲಿ ಅಂದರೆ, ಶೋನ್‌ಬೈನ್ ಪಾಠ ಮಾಡಿದ ಅದೇ ಬಾಸೆಲ್‌ನಲ್ಲಿ! ಸ್ವಿಟ್ಜರ್ಲೆಂಡಿನ ಎಂಪಾ, ಪಾಲ್ ಶೆರರ್ ಸಂಸ್ಥೆಗಳು ಬೂಕರ್ ಕಂಪನಿಯ ಜೊತೆ ಸೇರಿ 2009ರಲ್ಲಿ ಜಲಜನಕದ ಪುಟ್ಟ ಗುಡಿಸೋ ಗಾಡಿಯನ್ನು ಅಲ್ಲಿನ ರಸ್ತೆಗೆ ಬಿಟ್ಟರು. ಡೀಸೆಲ್ ಗಾಡಿ ಗಂಟೆಗೆ 5ರಿಂದ 5.5 ಲೀಟರ್ ಕುಡಿಯುತ್ತಿದ್ದರೆ ಇದಕ್ಕೆ 0.3ರಿಂದ 0.6 ಕೆಜಿ ಜಲಜನಕ ಸಾಕಾಯಿತು. ಅಂದರೆ ಶಕ್ತಿಯ ಲೆಕ್ಕದಲ್ಲಿ ಅರ್ಧಕ್ಕಿಂತ ಕಮ್ಮಿ. ಶುರುವಿನಲ್ಲಿ ಇಂಧನಕೋಶ ಕೈಕೊಟ್ಟು ರಿಪೇರಿ ಆಗಬೇಕಾಯಿತು, ಸರಿ ಮಾಡಿದ ಮೇಲೆ ಸೇಂಟ್ ಗಾಲೆನ್ ಮುಂತಾದ ಊರುಗಳಲ್ಲೂ ಓಡಿತು. ಆದರೆ ಇದೇ ಬೂಕರ್ ಕಂಪನಿ ಮುಂದಿನ ದಶಕದಲ್ಲಿ ಮಾರುಕಟ್ಟೆಗೆ ತಂದ ವಿದ್ಯುತ್ ಗುಡಿಸೋ ಗಾಡಿಯಲ್ಲಿ ಇದ್ದದ್ದು ಬ್ಯಾಟರಿ. ಯಾಕೆ ಅನ್ನೋದಕ್ಕೆ ಮುಂದೆ ಬರ್ತೀನಿ.

ಅಂದ ಹಾಗೆ, ಈ ಕಥೆಯಲ್ಲಿ ಬೆಂಗಳೂರು ಬರೀ ನೋಡುತ್ತಾ ನಿಂತಿರಲಿಲ್ಲ. ಮಲ್ಲೇಶ್ವರದಿಂದ ಹದಿನೆಂಟನೇ ಕ್ರಾಸ್ ದಾಟಿ ಸ್ವಲ್ಪ ನಡೆದರೆ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ 1909ರಲ್ಲಿ ಹುಟ್ಟಿದ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿನ ಘನಸ್ಥಿತಿ ರಸಾಯನ ವಿಭಾಗದಲ್ಲಿ ಪ್ರೊ. ಎ.ಕೆ. ಶುಕ್ಲಾ ದಶಕಗಳ ಕಾಲ ಇಂಧನಕೋಶಗಳ ಮೇಲೆ ಕೆಲಸ ಮಾಡಿದರು. ಮೆಥನಾಲ್‌ನಿಂದ ಓಡುವವು, ಬೋರೋಹೈಡ್ರೈಡ್‌ನಿಂದ ಓಡುವವು, ಜೊತೆಗೆ ಸೀಸ-ಆಮ್ಲ ಬ್ಯಾಟರಿಯನ್ನೇ ಹಗುರ ಮಾಡೋದು ಹೇಗೆ ಅನ್ನೋದು. ಅದೇ ಆವರಣದಲ್ಲಿ ಪ್ರೊ. ಎಸ್. ದಾಸಪ್ಪ ಅವರ ತಂಡ ಕೃಷಿ ತ್ಯಾಜ್ಯದಂಥ ಜೈವಿಕ ಪದಾರ್ಥದಿಂದ ಜಲಜನಕ ತೆಗೆಯೋ ವಿಧಾನವನ್ನು 2022ರಲ್ಲಿ ಪ್ರಕಟಿಸಿತು. ಒಂದು ಕೆಜಿ ಪದಾರ್ಥಕ್ಕೆ 100 ಗ್ರಾಂ ಜಲಜನಕ. ಪದಾರ್ಥದಲ್ಲಿ ಇರೋದೇ 60 ಗ್ರಾಂ, ಮಿಕ್ಕಿದ್ದು ಜೊತೆಗೆ ಹಾಯಿಸೋ ಹಬೆಯಿಂದ ಬರುತ್ತೆ. ಇಸ್ರೋ ಮತ್ತು ಟಾಟಾ ಮೋಟಾರ್ಸ್ ಸೇರಿ 2013ರಲ್ಲಿ ಮಹೇಂದ್ರಗಿರಿಯಲ್ಲಿ ಜಲಜನಕದ ಬಸ್ಸು ಓಡಿಸಿ ತೋರಿಸಿದರು. 2024ರ ಜನವರಿ 1ರಂದು ಹಾರಿದ ಪಿಎಸ್‌ಎಲ್‌ವಿ-ಸಿ58 ರಾಕೆಟ್ಟಿನ ಕೊನೆಯ ಹಂತದಲ್ಲಿ ಇಸ್ರೋ ಪುಟ್ಟ ಇಂಧನಕೋಶವೊಂದನ್ನು ಬಾಹ್ಯಾಕಾಶದಲ್ಲೇ ಪರೀಕ್ಷಿಸಿತು. ಸಿಕ್ಕಿದ್ದು 180 ವ್ಯಾಟ್. ನಮ್ಮ ಮನೆ ಮಿಕ್ಸಿ ತಿರುಗಿಸಕ್ಕೂ ಸಾಲದು, ಆದರೆ ಕೆಲಸ ಮಾಡಿತು.

ಬ್ಯಾಟರಿ ಕಡೆಯೂ ನಮ್ಮೂರಿನದೇ ಕಥೆ ಇದೆ. 2001ರಲ್ಲಿ ಚೇತನ್ ಮೈನಿ ತಂದ ರೇವಾ ಕಾರು ನೆನಪಿದೆಯಲ್ಲ? ಎಂಟು ಸೀಸ-ಆಮ್ಲ ಬ್ಯಾಟರಿ, 48 ವೋಲ್ಟು, ಒಂದು ಚಾರ್ಜಿಗೆ 80 ಕಿಲೋಮೀಟರು, ಪೂರ್ತಿ ಚಾರ್ಜಿಗೆ ಎಂಟು ಗಂಟೆ. ಅದು ಒಂದು ದೊಡ್ಡ ಸ್ಕ್ರಬ್ಬರ್ ಮೆಷಿನ್ನಿಗೆ ಸೀಟು ಹಾಕಿದ ಹಾಗೆ ಅಂತ ಕಾಲೇಜಿನಲ್ಲಿ ತಮಾಷೆ ಮಾಡುತ್ತಿದ್ವಿ. 2009ರಲ್ಲಿ ರೇವಾದವರು ಲಿಥಿಯಂ ಬ್ಯಾಟರಿಯ ಗಾಡಿ ತಂದರು, ಮರುವರ್ಷ ಕಂಪನಿ ಮಹೀಂದ್ರಾ ಪಾಲಾಯಿತು.

ಆ ಲಿಥಿಯಮ್ಮೇ ಕಥೆಯ ತಿರುವು. ನಮ್ಮ ಸ್ಕ್ರಬ್ಬರಿಗೆ ವಾಪಸ್ ಬನ್ನಿ. ಒಂದು ಕೆಜಿ ಜಲಜನಕದಲ್ಲಿ 33 ಯೂನಿಟ್ ಶಕ್ತಿ ಇದೆ. ಇಂಧನಕೋಶ ಅರ್ಧ ಕೈಗೆ ಕೊಡುತ್ತೆ ಅಂದ್ಕೊಂಡರೆ 16 ಯೂನಿಟ್. ನಮಗೆ ಬೇಕಾದ 4.6 ಯೂನಿಟ್ಟಿಗೆ 300 ಗ್ರಾಂ ಸಾಕು. 350 ಬಾರ್ ಒತ್ತಡದಲ್ಲಿ ತುಂಬಿಸಿದರೆ ಸುಮಾರು ಹದಿಮೂರು ಲೀಟರಿನ ಸಿಲಿಂಡರು. ಕೋಶ, ಫ್ಯಾನು, ರೆಗ್ಯುಲೇಟರು ಎಲ್ಲ ಸೇರಿಸಿದರೂ ನನ್ನ ಲೆಕ್ಕಕ್ಕೆ 50 ಕೆಜಿ ದಾಟಲ್ಲ. 150 ಕೆಜಿ ಸೀಸದ ಎದುರು ಇದು ಹಬ್ಬ.

ಆದರೆ ಆ 300 ಗ್ರಾಂ ಜಲಜನಕವನ್ನು ನೀರು ಒಡೆದು ಮಾಡಬೇಕಾದರೆ ಸುಮಾರು 16 ಯೂನಿಟ್ ಕರೆಂಟು ಬೇಕು, ಒತ್ತಿ ತುಂಬಿಸೋ ಖರ್ಚು ಬೇರೆ. ಅದೇ ಕೆಲಸ ಸೀಸ-ಆಮ್ಲ ಬ್ಯಾಟರಿಗೆ 6 ಯೂನಿಟ್ಟಿನಲ್ಲಿ, ಲಿಥಿಯಂಗೆ 5 ಯೂನಿಟ್ಟಿನಲ್ಲಿ ಆಗುತ್ತೆ. ಲಿಥಿಯಂ ಬ್ಯಾಟರಿಗೆ ನೀರು ಹಾಕೋ ಕೆಲಸ ಇಲ್ಲ, ಊಟದ ವಿರಾಮದಲ್ಲಿ ಸ್ವಲ್ಪ ಚಾರ್ಜ್ ಮಾಡಿಕೊಂಡರೂ ಬೇಜಾರಿಲ್ಲ. 2010ರಲ್ಲಿ ಒಂದು ಯೂನಿಟ್ ಹಿಡಿಯೋ ಲಿಥಿಯಂ ಪ್ಯಾಕಿಗೆ ಸಾವಿರ ಡಾಲರ್ ಮೀರಿದ್ದ ಬೆಲೆ 2024ರ ಹೊತ್ತಿಗೆ ಸರಾಸರಿ 115 ಡಾಲರಿಗೆ ಇಳಿಯಿತು. ಜಲಜನಕ ಗೆಲ್ಲಬೇಕಿದ್ದದ್ದು ಸೀಸದ ವಿರುದ್ಧ. ಅದು ಅಖಾಡಕ್ಕೆ ಇಳಿಯೋ ಹೊತ್ತಿಗೆ ಎದುರಾಳಿಯೇ ಬದಲಾಗಿದ್ದ. ಬೂಕರ್ ಗಾಡಿಗೆ ಬ್ಯಾಟರಿ ಬಂದದ್ದರ ಹಿಂದೆ ಇರೋದೂ ಇದೇ ಗಣಿತ ಅಂತ ನನ್ನ ಅಂದಾಜು.

ಹಾಗಾದರೆ ಜಲಜನಕಕ್ಕೆ ಕೆಲಸವೇ ಇಲ್ವಾ? ಇದೆ, ಆದರೆ ಆಫೀಸಿನ ಕಾರಿಡಾರಿನಲ್ಲಿ ಅಲ್ಲ. ರಾತ್ರಿಯಿಡೀ ಓಡೋ ಲಾರಿ ಗಾತ್ರದ ಗುಡಿಸೋ ಯಂತ್ರಗಳು, ಒಳಚರಂಡಿಯ ಕಟ್ಟಿದ ಹೂಳನ್ನು ಹೀರೋ ಜೆಟ್ಟಿಂಗ್ ಗಾಡಿಗಳು, ಕಸ ಅದುಮಿ ಒಯ್ಯೋ ಲಾರಿಗಳು. ಇವುಗಳ ಹಸಿವು ದೊಡ್ಡದು. ಎಂಟು ಗಂಟೆ ನಿಲ್ಲದೆ ಓಡಬೇಕು, ಅಷ್ಟಕ್ಕೆ ಬ್ಯಾಟರಿ ಇಟ್ಟರೆ ಕಸಕ್ಕೆ ಜಾಗ ಇರಲ್ಲ. ಎಲ್ಲಾ ಗಾಡಿ ರಾತ್ರಿ ಒಂದೇ ಡಿಪೋಗೆ ಬರೋದರಿಂದ ಬಂಕ್ ಒಂದೇ ಸಾಕು. ಜರ್ಮನಿಯ ಫೌನ್ ಕಂಪನಿ ಇಂಧನಕೋಶದ ಕಸದ ಲಾರಿಗಳನ್ನು ಮಾಡಿದ್ದು ಈ ಲೆಕ್ಕದಲ್ಲೇ. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಹಸಿರು ಜಲಜನಕ ಮಿಷನ್ನಿಗೆ 19,744 ಕೋಟಿ ರೂಪಾಯಿ ಮಂಜೂರು ಮಾಡಿತು. 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಗುರಿ. ಗೊಬ್ಬರ, ಉಕ್ಕು, ತೈಲ ಶುದ್ಧೀಕರಣ ಅಂತ ಪಟ್ಟಿ ದೊಡ್ಡದು. ಆ ಪಟ್ಟಿಯ ಕೊನೆಗಾದರೂ ಊರಿನ ಕಸದ ಡಿಪೋ ಬರಲಿ ಅನ್ನೋದು ನನ್ನಾಸೆ. ಡೀಸೆಲ್ ಲಾರಿಯ ಹಿಂದೆ ತೂಗಾಡಿಕೊಂಡು ಆ ಹೊಗೆಯನ್ನು ದಿನಾ ಕುಡಿಯೋರು ನಾವಲ್ಲವಲ್ಲ.

ಇಷ್ಟೆಲ್ಲ ಓದಿದ ಮೇಲೆ ಉಳಿದ ಮಾತು ಒಂದು. ಪ್ಲೇಗ್ ಕಾಲದ ಇಂಜಿನಿಯರುಗಳು ದಡ್ಡರಲ್ಲ. ಅವರಿಗೆ ಗಾಳಿ, ಬೆಳಕು, ಇಳಿಜಾರು ಎಲ್ಲ ಗೊತ್ತಿತ್ತು. ಆದರೂ ಅವರ ನಕ್ಷೆಯಲ್ಲಿ ಗುಡಿಸುವವನಿಗೆ ಸಿಕ್ಕಿದ್ದು ಹಿಂದಿನ ಓಣಿ. ಬದಲಾಯಿಸಿದ್ದು ಒಂದು ಆದೇಶ, ಒಂದಷ್ಟು ಹೋರಾಟ, ಮತ್ತು ಪೈಪು. ಮೂರೂ ಬೇಕಾಯಿತು. ಬರೀ ಪೈಪಿನಿಂದ ಆಗುತ್ತಿರಲಿಲ್ಲ. 2022ರಲ್ಲಿ ಪೌರಕಾರ್ಮಿಕರು ಕೆಲಸ ಕಾಯಂ ಮಾಡಿ ಅಂತ ಪೊರಕೆ ಕೆಳಗಿಟ್ಟು ಮುಷ್ಕರ ಕೂತರು. 2025ರ ಮೇ 1ರಂದು ಬೆಂಗಳೂರಿನ 12,692 ಮಂದಿಗೆ ಕಾಯಂ ನೇಮಕದ ಪತ್ರ ಸಿಕ್ಕಿತು. ನನ್ನ ಪ್ರಕಾರ ಇದೂ ತಂತ್ರಜ್ಞಾನದ ಚರಿತ್ರೆಯ ಭಾಗವೇ. ಕೆಲಸ ಮಾಡುವವರ ಬೆಲೆ ಏರಿದಾಗ ಮಾತ್ರ ಅವರ ಕೈಗೆ ಒಳ್ಳೇ ಯಂತ್ರ ಕೊಡೋ ಲೆಕ್ಕ ಗಿಟ್ಟುತ್ತೆ. ಕರೆಂಟು ಬಂದು ನೂರು ವರ್ಷವಾದರೂ ಪೊರಕೆ ಪೊರಕೆಯಾಗೇ ಉಳಿದದ್ದು ತಂತ್ರಜ್ಞಾನ ಇಲ್ಲದೆ ಅಲ್ಲ.

ನಿಮ್ಮ ಮನೆ ಹಿಂದೆ ಕನ್ಸರ್ವೆನ್ಸಿ ಲೇನ್ ಇತ್ತಾ? ಅಜ್ಜಿ ತಾತ ಅದರ ಬಗ್ಗೆ ಏನಾದರೂ ಹೇಳ್ತಿದ್ರಾ? ಆ ಓಣಿಯಲ್ಲಿ ಬರುತ್ತಿದ್ದವರ ಹೆಸರು ಅವರಿಗೆ ಗೊತ್ತಿತ್ತಾ? ಗೊತ್ತಿದ್ದವರು ನಿಮ್ಮ ಬ್ಲಾಗಿನಲ್ಲಾದರೂ ಸರಿ, ಬರೆದಿಡಿ. ನಮ್ಮ ತಲೆಮಾರು ಬರೆಯದಿದ್ದರೆ ಆ ಓಣಿಗಳ ಜೊತೆ ಇದೂ ಮುಚ್ಚಿ ಹೋಗುತ್ತೆ.